ಗಾಜಿನ ಬೀರುವಿನಲ್ಲಿ ಮೂಲ

ಅಚ್ಚುಕಟ್ಟಪ್ಪ ಎಂಬುದು ಅವರ ನಿಜವಾದ ಹೆಸರಲ್ಲ. ಹೆಂಡತಿಯ ತವರಿನವರು ಪ್ರೀತಿಯಿಂದ ಇಟ್ಟದ್ದು. ಬೋಳುತಲೆಯವನನ್ನು ಗುಂಗುರು ಎಂದು ಕರೆಯುತ್ತಾರಲ್ಲ, ಆ ಬಗೆಯ ಪ್ರೀತಿ. ಅವರ ಮನೆಯಲ್ಲಿ ಕನ್ನಡಕ ಹುಡುಕಲು ಇನ್ನೊಂದು ಕನ್ನಡಕ ಬೇಕಾಗುತ್ತಿತ್ತು, ಅದೂ ಸಿಗುತ್ತಿರಲಿಲ್ಲ. ಆದರೂ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕುರ್ಚಿ ಸವೆಸುತ್ತಾ ಬಂದ ಅವರಿಗೆ ತಮ್ಮ ಬಗ್ಗೆ ಒಂದು ಅಚಲವಾದ ನಂಬಿಕೆಯಿತ್ತು. ಕಾಗದಪತ್ರ ಇಡುವ ಕ್ರಮ ಬಲ್ಲವರು ಈ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಜನ, ಆ ಬೆರಳುಗಳಲ್ಲಿ ಹೆಬ್ಬೆರಳು ತಾವು.

ಈ ನಂಬಿಕೆ ಅವರ ಎದೆಯೊಳಗೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅದು ಬಾಯಿಗೆ ಬಂದದ್ದು ಭಾಮೈದನ ಔಷಧಿ ಅಂಗಡಿಯಲ್ಲಿ.

ಅಲ್ಲಿ ಯಾರೋ ಒಬ್ಬ ಹೆಂಗಸು ಕಳೆದುಹೋದ ಬಿಲ್ಲಿಗಾಗಿ ಚೀಲವನ್ನು ಬುಡಮೇಲು ಮಾಡಿ ಪರದಾಡುತ್ತಿದ್ದರು. ಅಚ್ಚುಕಟ್ಟಪ್ಪ ತಮ್ಮ ಕೆಮ್ಮಿನ ಔಷಧಿಗೆ ಕಾಯುತ್ತಾ ನಿಂತಿದ್ದವರು ಸುಮ್ಮನಿರಬಹುದಿತ್ತು.

"ಎಲ್ಲದಕ್ಕೂ ಒಂದು ಕ್ರಮ ಬೇಕಮ್ಮ," ಎಂದರು. "ನಮ್ಮನೇಲಿ ಬನ್ನಿ. ಯಾವ ಕಾಯಿಲೆ ಕಾಗದ ಕೇಳಿದ್ರೂ ಕಣ್ಣು ಮಿಟುಕಿಸೋದ್ರೊಳಗೆ ಕೈಗೆ ಕೊಡ್ತೀನಿ."

ಗಲ್ಲಾದ ಹಿಂದಿದ್ದ ಭಾಮೈದ ತಲೆಯೆತ್ತಿದ. "ಅಯ್ಯೋ, ಹೌದಾ ಭಾವ? ನನಗೆ ಅದೇ ಚಿಂತೆ ಆಗಿತ್ತು ನೋಡಿ. ಅಕ್ಕನ ಇನ್ಶೂರೆನ್ಸ್ ಕಾಗದ ಎಲ್ಲಾ ಜೋಡಿಸಿಟ್ಟಿದೀರಿ ಅಂತಾಯ್ತು. ಭಾನುವಾರ ಬಂದು ನೋಡ್ಕೊಂಡು ಹೋಗ್ತೀನಿ."

ಅಚ್ಚುಕಟ್ಟಪ್ಪನವರಿಗೆ ಇಲ್ಲದ ಕೆಮ್ಮೂ ಬಂತು.

ವಿಷಯ ಇಷ್ಟೇ. ಅವರ ಹೆಂಡತಿಯ ಬಲ ಮೊಣಕಾಲಿಗೆ ಹೋದ ವರ್ಷ ಶಸ್ತ್ರಚಿಕಿತ್ಸೆಯಾಗಿ ಹೊಸ ಕೀಲು ಕೂತಿತ್ತು. ಎಡ ಮೊಣಕಾಲು ಬಾಕಿ. ಮನೆ ಇದ್ದದ್ದು ಎರಡನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತುವಾಗ ಆಕೆಯ ಹೊಸ ಕಾಲು ಮುಂದಿನ ಮೆಟ್ಟಿಲಿಗೆ ಹೋಗಿ ನಿಂತು, ಹಳೆಯ ಕಾಲು ಬರುವವರೆಗೂ ಕಾಯುತ್ತಿತ್ತು. "ಮದುವೆ ಆದಾಗಿಂದ ನಾನು ನಿಮಗೆ ಕಾಯ್ತೀನಲ್ಲ, ಹಾಗೆ," ಎಂದು ಆಕೆ ಗಂಡನಿಗೆ ಹೇಳುತ್ತಿದ್ದರು. ಬೀದಿಯ ಆ ತುದಿಯಲ್ಲಿದ್ದ ಅವರ ಹೊಲಿಗೆ ತರಗತಿ ಬೀಗ ಹಾಕಿಕೊಂಡು ಕೂತಿತ್ತು. ಅದರ ಬೀಗದ ಕೈಯನ್ನು ಮಾತ್ರ ಆಕೆ ದಿನವೂ ಒರೆಸಿ ಮೊಳೆಗೆ ನೇತುಹಾಕುತ್ತಿದ್ದರು. ಡಾಕ್ಟರು ಎಡಗಾಲಿಗೆ ದಿನ ಗೊತ್ತು ಮಾಡಿದ್ದರು. ಆ ದಿನ ತಪ್ಪಿದರೆ ಅವರು ದೀರ್ಘ ರಜೆಯ ಮೇಲೆ ಹೋಗುವವರಿದ್ದರು. ಅಷ್ಟರೊಳಗೆ ಇನ್ಶೂರೆನ್ಸ್ ಕಂಪನಿಯ ಒಪ್ಪಿಗೆ ಸಿಗಬೇಕು. ಕಂಪನಿಯಿಂದ ಬಂದದ್ದು ಒಪ್ಪಿಗೆಯಲ್ಲ, ಒಂದು ಪತ್ರ: "ಬಲ ಮೊಣಕಾಲಿನ ಚಿಕಿತ್ಸೆಗೆ ಸಂಬಂಧಿಸಿದ ಮೂಲ ದಾಖಲೆಗಳನ್ನು ಪರಿಶೀಲನೆಗೆ ಹಾಜರುಪಡಿಸತಕ್ಕದ್ದು. ನಕಲು ಪ್ರತಿಗಳನ್ನು ಪರಿಗಣಿಸಲಾಗುವುದಿಲ್ಲ."

ಆ ಮೂಲ ದಾಖಲೆಗಳು ಮನೆಯಲ್ಲೇ ಇದ್ದವು. ಮನೆಯಲ್ಲಿ ಎಲ್ಲಿ ಎಂಬುದೊಂದೇ ಪ್ರಶ್ನೆ.

ಮಹಾಶೋಧ ಆರಂಭವಾಯಿತು. ಆಸ್ಪತ್ರೆಯಿಂದ ಬಿಡುಗಡೆ ಮಾಡಿದ ಪತ್ರ ಇಸ್ತ್ರಿ ಬಟ್ಟೆಗಳ ನಡುವೆ ಅಂಗಿಗಿಂತ ನುಣುಪಾಗಿ ಮಲಗಿತ್ತು. ವ್ಯಾಯಾಮದ ಡಾಕ್ಟರ ಬಿಲ್ಲು ನಾಲ್ಕು ಮಡಿಕೆಯಾಗಿ ಊಟದ ಮೇಜಿನ ಕುಂಟುಗಾಲಿನ ಕೆಳಗಿತ್ತು. ತೆಗೆದ ಕೂಡಲೇ ಮೇಜು ಕುಂಟತೊಡಗಿತು. ಮಾತ್ರೆಗಳ ರಸೀದಿಯ ಬೆನ್ನಿನ ಮೇಲೆ ಅಚ್ಚುಕಟ್ಟಪ್ಪನವರೇ ಒಬ್ಬ ಪ್ಲಂಬರನ ಫೋನ್ ನಂಬರು ಬರೆದು, "ಮುಖ್ಯ! ಬಿಸಾಡಬಾರದು!" ಎಂದು ಅಡಿಗೆರೆ ಎಳೆದಿದ್ದರು. ಆ ಪ್ಲಂಬರನಿಂದಾಗಿ ಆ ರಸೀದಿ ಬದುಕಿತ್ತು.

"ಎಕ್ಸ್‌ರೇ ಎಲ್ಲಿ ಹೋಯ್ತೇ?"

"ಸ್ನಾನದ ಮನೆ ಕಿಟಕಿ ಗಾಜು ಒಡೆದಾಗ ನೀವೇ ಅಲ್ವಾ ಅಂಟಿಸಿದ್ದು? ನನ್ನ ಮೊಣಕಾಲು ನೋಡ್ಕೊಂಡೇ ಇಷ್ಟು ದಿನ ಸ್ನಾನ ಮಾಡಿದೀರಿ, ಗೊತ್ತಾಗ್ಲಿಲ್ವಾ?"

ಕಾಗದಗಳು ಸಿಕ್ಕವು. ಸಿಕ್ಕ ಮೇಲೆ ಅವುಗಳನ್ನು ಒಂದು ಲಕೋಟೆಗೆ ಹಾಕಿಟ್ಟು ಮಲಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಭಾನುವಾರ ಭಾಮೈದ ಬರುವವನಿದ್ದ. ಅಚ್ಚುಕಟ್ಟಪ್ಪ ಅಂಗಡಿಗೆ ಹೋಗಿ ದಪ್ಪ ರಟ್ಟಿನ ಫೈಲುಗಳನ್ನು ತಂದರು. ದಿನಾಂಕದ ಪ್ರಕಾರ ಜೋಡಿಸುವುದು ಸಾಮಾನ್ಯರ ಕೆಲಸ. ಅವರು ದೇಹದ ಪ್ರಕಾರ ಜೋಡಿಸಿದರು. ತಲೆಯಿಂದ ಶುರುಮಾಡಿ ಕೆಳಗಿಳಿಯುತ್ತಾ ಬರುವುದು. ಒಂದೊಂದು ಫೈಲಿನ ಬೆನ್ನಿಗೂ ಬಿಳಿ ಚೀಟಿ ಅಂಟಿಸಿ ಕಪ್ಪು ಇಂಕಿನಲ್ಲಿ ಬರೆದರು: ಕಣ್ಣು, ಹಲ್ಲು, ಹೊಟ್ಟೆ, ಮೊಣಕಾಲು. ಇವುಗಳಲ್ಲಿ ಇದ್ದದ್ದು ಡಾಕ್ಟರ ಚೀಟಿಗಳು, ಸಲಹೆಗಳು. ಕಂಪನಿಗೆ ಬೇಕಾದ ಅಸಲಿ ಬಿಲ್ಲು, ರಸೀದಿ, ವರದಿಗಳನ್ನೆಲ್ಲ ಯಾವ ಅಂಗವೆಂದು ನೋಡದೆ ಒಂದೇ ಕೆಂಪು ಫೈಲಿಗೆ ಸೇರಿಸಿದರು. ಅದು ಎಲ್ಲಕ್ಕಿಂತ ದಪ್ಪ. ಅದರ ಬೆನ್ನಿನ ಮೇಲೆ "ಮೂಲ ದಾಖಲೆಗಳು" ಎಂದು ಬರೆಯಲು ಹೊರಟು, ಮೊದಲ ಪದವನ್ನೇ ಠೀವಿಯಿಂದ ಎಷ್ಟು ದೊಡ್ಡದಾಗಿ ಬರೆದುಬಿಟ್ಟರೆಂದರೆ ಎರಡನೆಯದಕ್ಕೆ ಜಾಗವೇ ಉಳಿಯಲಿಲ್ಲ. ಪರವಾಗಿಲ್ಲ, ಅರ್ಥವಾಗುತ್ತದಲ್ಲ ಎಂದುಕೊಂಡರು. ನಕಲು ಪ್ರತಿಗಳ ಫೈಲನ್ನು ಮಂಚದ ಕೆಳಗೆ ತಳ್ಳಿ, ಉಳಿದವನ್ನು ಹಾಲಿನಲ್ಲಿದ್ದ ಗಾಜಿನ ಬೀರುವಿನಲ್ಲಿ, ಬಂದವರ ಕಣ್ಣಿಗೆ ನೇರವಾಗಿ ಬೀಳುವಂತೆ ನಿಲ್ಲಿಸಿದರು.

ಬಂದವರ ಕಣ್ಣಿಗೆ ಬಿದ್ದದ್ದು ಹೀಗೆ: ಕಣ್ಣು. ಹಲ್ಲು. ಹೊಟ್ಟೆ. ಮೊಣಕಾಲು. ಮೂಲ.

ಇಲ್ಲಿ ಒಂದು ಮಾತು ಹೇಳಬೇಕು. ಮೂಲವ್ಯಾಧಿ ಎಂಬ ಕಾಯಿಲೆಯ ಪೂರ್ತಿ ಹೆಸರನ್ನು ಮರ್ಯಾದಸ್ಥರು ನಾಲ್ಕು ಜನರ ಮುಂದೆ ಹೇಳುವುದಿಲ್ಲ. ಮೊದಲೆರಡು ಅಕ್ಷರ ಹೇಳಿ, "ವ್ಯಾಧಿ"ಯನ್ನು ನುಂಗಿಕೊಂಡು, ನೆಲ ನೋಡುತ್ತಾರೆ. ಭಾಮೈದ ಮರ್ಯಾದಸ್ಥ. ಸಾಲದ್ದಕ್ಕೆ ಔಷಧಿ ಅಂಗಡಿಯವನು.

ಭಾನುವಾರ ಬಂದವನು ಚಹಾದ ಲೋಟ ಹಿಡಿದು ಬೀರುವಿನ ಮುಂದೆ ನಿಂತ. ಎಡದಿಂದ ಬಲಕ್ಕೆ ಮೆಚ್ಚುಗೆಯಿಂದ ಓದುತ್ತಾ ಬಂದು, ಕೊನೆಯ ಫೈಲಿನ ಹತ್ತಿರ ತಡೆದು ನಿಂತ. ಅದರ ದಪ್ಪ ನೋಡಿದ. ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಭಾವ… ಇದು ಯಾವಾಗಿಂದ?"

"ಯಾವುದೋ?"

ಭಾಮೈದ ಕಣ್ಣಲ್ಲೇ ಕೆಂಪು ಫೈಲನ್ನು ತೋರಿಸಿದ.

"ಓ, ಮೂಲವಾ?" ಅಚ್ಚುಕಟ್ಟಪ್ಪನವರ ಮುಖ ಅರಳಿತು. "ತುಂಬಾ ಹಳೇದು ಕಣೋ. ಪಾಲಿಸಿ ತಗೊಳ್ಳೋಕೂ ಮುಂಚಿನದೂ ಇದೆ. ಆದ್ರೆ ಅದಕ್ಕೊಂದು ಗತಿ ಕಾಣಿಸಿದ್ದು ಮಾತ್ರ ಮೊನ್ನೆ."

"ಅಕ್ಕನಿಗೆ ಗೊತ್ತಾ?"

"ಗೊತ್ತಿಲ್ದೆ ಏನು? ಅವಳೂ ಜೊತೆಗೆ ಕೂತು ಸಹಾಯ ಮಾಡಿದ್ಲು."

"ಪಾಪ, ನಮ್ಮಕ್ಕ," ಎಂದ ಭಾಮೈದ. "ನೋವು ಜಾಸ್ತಿನಾ?"

"ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯ್ತು. ಆದ್ರೂ ಹಟ ಹಿಡಿದು ಎರಡು ತೂತು ಹೊಡೆದು, ದಾರ ಪೋಣಿಸಿ, ಬಿಗಿಯಾಗಿ ಗಂಟು ಹಾಕಿಬಿಟ್ಟೆ. ಇನ್ನು ಅಲ್ಲಾಡಲ್ಲ."

ಭಾಮೈದ ಲೋಟವನ್ನು ಮೇಜಿನ ಮೇಲಿಟ್ಟ. "ನೀವೇ… ಹೊಡೆದ್ರಾ?"

"ಇಷ್ಟಕ್ಕೆಲ್ಲಾ ಬೇರೆಯವರನ್ನ ಕರೆಯೋದಾ? ಆಫೀಸಿಂದ ಪಂಚಿಂಗ್ ಮಷೀನು ತಂದಿದ್ದೆ."

ಭಾಮೈದ ಅಲ್ಲೇ ಕುಸಿದು ಕೂತ. ಅಂಗಡಿಯಲ್ಲಿ ಎಂತೆಂಥ ಧೈರ್ಯವಂತರನ್ನು ನೋಡಿದ್ದ, ಇಂಥವರನ್ನು ನೋಡಿರಲಿಲ್ಲ. ಹೊರಡುವಾಗ ಭಾವನ ಎರಡೂ ಕೈಗಳನ್ನು ಹಿಡಿದುಕೊಂಡು, "ನಾಚ್ಕೊಂಡು ಇಷ್ಟು ವರ್ಷ ನನ್ನಿಂದನೂ ಮುಚ್ಚಿಟ್ರಲ್ಲ ಭಾವ," ಎಂದು ಗದ್ಗದಿತನಾಗಿ ಹೋದ. ತಮ್ಮ ಕ್ರಮಬದ್ಧತೆ ಒಬ್ಬ ಮನುಷ್ಯನನ್ನು ಇಷ್ಟರ ಮಟ್ಟಿಗೆ ಕಲಕಿದ್ದನ್ನು ಅಚ್ಚುಕಟ್ಟಪ್ಪ ಇದೇ ಮೊದಲು ಕಂಡದ್ದು.

ಮರುದಿನವೇ ಅಂಗಡಿಯಿಂದ ಒಂದು ಪೊಟ್ಟಣ ಬಂತು. ಒಳಗೆ ರಬ್ಬರಿನ, ನಡುವೆ ತೂತಿರುವ, ಗಾಳಿ ತುಂಬಿದ ದುಂಡು ದಿಂಬು. "ಕೂರೋಕೆ ಅನುಕೂಲ ಆಗ್ಲಿ" ಎಂದಷ್ಟೇ ಚೀಟಿ. ಜೊತೆಗೆ ಬಿಲ್ಲು, ಬಿಲ್ಲಿಲ್ಲದಿದ್ದರೆ ಭಾವನಿಗೆ ಬೇಜಾರಾಗುತ್ತದೆಂದು ಭಾಮೈದನೇ ಹಾಕಿಕೊಟ್ಟದ್ದು. ದಿಂಬು ಅಕ್ಕನ ಕಾಲಿಗಿರಬೇಕೆಂದು ಗಂಡ ಹೆಂಡತಿ ಇಬ್ಬರೂ ತೀರ್ಮಾನಿಸಿದರು. ಆಕೆ ಕುರ್ಚಿಯಲ್ಲಿ ಕೂತು, ಎದುರಿನ ಮಣೆಯ ಮೇಲೆ ದಿಂಬಿಟ್ಟು, ತೂತಿನೊಳಗೆ ಹಿಮ್ಮಡಿ ಇಳಿಬಿಟ್ಟು, "ನಮ್ಮ ತಮ್ಮನಿಗೆ ಎಷ್ಟು ತಿಳುವಳಿಕೆ ನೋಡಿ!" ಎಂದರು.

ಅಚ್ಚುಕಟ್ಟಪ್ಪ ಬಿಲ್ಲನ್ನು ಕೈಗೆತ್ತಿಕೊಂಡರು. ಓದುವ ಅಭ್ಯಾಸ ಅವರಿಗಿರಲಿಲ್ಲ. ಇಡುವುದು ಮಾತ್ರ ಅವರ ವಿದ್ಯೆ. ಆದರೂ ಕಣ್ಣಾಡಿಸಿದಾಗ ಮೊದಲೆರಡು ಅಕ್ಷರ ಕಂಡವು: ಮೂಲ. "ಹೇಳ್ಕೊಟ್ರೆ ಹೀಗೆ ಕಲೀಬೇಕು ಕಣೇ. ಮೂಲ ಪ್ರತಿ ಅಂತ ಬಿಲ್ಲಿನ ಮೇಲೇ ಹಾಕಿ ಕಳ್ಸಿದಾನೆ," ಎನ್ನುತ್ತಾ ಅದನ್ನು ಕೆಂಪು ಫೈಲಿನಲ್ಲಿ ಎಲ್ಲಕ್ಕೂ ಮೇಲಿರುವಂತೆ ಪೋಣಿಸಿದರು.

ಅದೇ ವಾರ ಕಂಪನಿಯಿಂದ ಫೋನು ಬಂತು. ರೋಗಿಗೆ ಮೆಟ್ಟಿಲಿಳಿಯಲು ಕಷ್ಟವಿರುವುದರಿಂದ ತಮ್ಮ ಅಧಿಕಾರಿಯೇ ಸೋಮವಾರ ಮನೆಗೆ ಬಂದು ಮೂಲ ದಾಖಲೆಗಳನ್ನು ನೋಡುತ್ತಾರೆ, ಎಲ್ಲ ಸರಿಯಿದ್ದರೆ ಅಲ್ಲೇ ಒಪ್ಪಿಗೆ ಕೊಡುತ್ತಾರೆ ಎಂದರು. ಆಕೆ ಆ ದಿನ ಹೊಲಿಗೆ ತರಗತಿಯ ಬೀಗದ ಕೈಯನ್ನು ಎರಡು ಸಲ ಒರೆಸಿದರು.

ಇತ್ತ ಭಾಮೈದ ಸುಮ್ಮನಿರಲಿಲ್ಲ. ಭಾವನ ಬಗ್ಗೆ ಕಾಳಜಿ ವಹಿಸಲು ಹತ್ತಿರದಲ್ಲಿ ಒಬ್ಬರು ಬೇಕೆಂದು, ಮೊದಲ ಮಹಡಿಯಲ್ಲಿದ್ದ ದೊಡ್ಡ ಟೀಚರ ಕಿವಿಗೆ ವಿಷಯ ಹಾಕಿದ್ದ. ಅವರು ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಯಾರಿಗೂ ಹೇಳಬೇಡಿ ಎಂದರೆ ಹೇಳುತ್ತಿರಲಿಲ್ಲ. ಒಬ್ಬೊಬ್ಬರಿಗೇ ಸೂಚ್ಯವಾಗಿ ತಿಳಿಸುತ್ತಿದ್ದರು.

ಒಂದು ಸಂಜೆ ಅಚ್ಚುಕಟ್ಟಪ್ಪ ಕಚೇರಿಯಿಂದ ಬರುವಾಗ ಮೊದಲ ಮಹಡಿಯಲ್ಲಿ ಒಂದು ಕುರ್ಚಿಯೂ ಅದರ ಮೇಲೆ ಎರಡು ತಲೆದಿಂಬುಗಳೂ, ಪಕ್ಕದಲ್ಲಿ ದೊಡ್ಡ ಟೀಚರೂ ಇದ್ದರು.

"ಸ್ವಲ್ಪ ಕೂತು ಸುಧಾರಿಸ್ಕೊಳ್ಳಿ. ಅಥವಾ ನಿಂತೇ ಇದ್ರೆ ವಾಸಿನಾ? ಮುಜುಗರ ಬೇಡ ಇವರೇ. ನಮ್ಮ ಮನೆಯವರಿಗೂ ಕೊನೇವರೆಗೂ ಮೂಲ ಇತ್ತು."

"ಪುಣ್ಯವಂತರು!" ಎಂದರು ಅಚ್ಚುಕಟ್ಟಪ್ಪ. "ಎಷ್ಟು ಜನ ಕಳ್ಕೊಂಡುಬಿಡ್ತಾರೆ."

"ಕಳ್ಕೊಳ್ಳೋದಾ?"

"ಬಸ್ಸಲ್ಲಿ, ಬ್ಯಾಂಕಲ್ಲಿ ಬಿಟ್ಟು ಬಂದುಬಿಡ್ತಾರೆ ಮೇಡಂ. ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರ್ತಾರೆ. ನಾನು ಜೆರಾಕ್ಸ್ ಕೂಡ ಮಾಡಿಸಿಟ್ಟಿದೀನಿ."

ದೊಡ್ಡ ಟೀಚರು ತಮ್ಮ ವೃತ್ತಿಜೀವನದಲ್ಲಿ ಅನೇಕ ವಿಚಿತ್ರ ಉತ್ತರಗಳನ್ನು ತಿದ್ದಿದ್ದರು. ಇದಕ್ಕೆ ಕೆಂಪು ಪೆನ್ನು ಎಲ್ಲಿ ಊರಬೇಕೆಂದು ತಿಳಿಯಲಿಲ್ಲ. "ಜೆರಾಕ್ಸಾ… ಹೇಗೆ?"

"ಮಾಮೂಲಿ, ಮಷೀನ್ ಮೇಲೆ ಮಕಾಡೆ ಹಾಕಿ ಒತ್ತೋದು. ಆದ್ರೆ ಕಂಪನಿಯವರಿಗೆ ಜೆರಾಕ್ಸ್ ಸಾಲಲ್ವಂತೆ, ಮೂಲನೇ ನೋಡ್ಬೇಕಂತೆ. ಸೋಮವಾರ ಒಬ್ಬ ಆಫೀಸರು ಅದಕ್ಕೇ ಅಂತ ಮನೆಗೆ ಬರ್ತಿದಾರೆ."

"ಮನೆಗೆ? ನೋಡೋಕೆ?"

"ಬೆಳಕಿಗೆ ಹಿಡಿದು ನೋಡ್ತಾರೆ ಮೇಡಂ. ಅವರಿಗೆ ಅನುಮಾನ ಜಾಸ್ತಿ."

"ಈ ಇನ್ಶೂರೆನ್ಸಿನವರು ಇಷ್ಟು ಕೆಳಗಿಳಿದ್ರಾ!" ಎಂದು ದೊಡ್ಡ ಟೀಚರು ಎದೆ ಹಿಡಿದುಕೊಂಡರು.

ಅವರು ಅಷ್ಟಕ್ಕೇ ಬಿಡಲಿಲ್ಲ. ಮರುದಿನ ನಲ್ಲಿಯಲ್ಲಿ ನೀರು ಬಾರದಿದ್ದಾಗ ನೀರಿನ ಕಚೇರಿಗೆ ದೂರು ಬರೆಯುತ್ತಾ ಎರಡನೆಯ ಅಂಶವೊಂದನ್ನು ಸೇರಿಸಿದರು: "ತಮ್ಮ ದೂರು ವಿಭಾಗದ ಸಿಬ್ಬಂದಿಯವರು ಮೂಲದಿಂದ ಬಳಲುತ್ತಿದ್ದು, ಅವರನ್ನು ಗಟ್ಟಿ ಕುರ್ಚಿಯ ಮೇಲೆ ಕೂರಿಸುತ್ತಿರುವುದು ಅಮಾನವೀಯ." ದೂರನ್ನು ಸ್ವೀಕರಿಸಿ ಮುದ್ರೆ ಒತ್ತಿ ಮ್ಯಾನೇಜರಮ್ಮನ ಮೇಜಿಗೆ ಕಳಿಸಿದವರು ಸ್ವತಃ ಅಚ್ಚುಕಟ್ಟಪ್ಪ. ಓದುವ ಅಭ್ಯಾಸ ಅವರಿಗಿರಲಿಲ್ಲ ಎಂದು ಮೊದಲೇ ಹೇಳಿದೆ.

ಆ ಕಚೇರಿಯಲ್ಲಿ ನೀರಿನ ದೂರಿಗೆ ಉತ್ತರ ಸಿಗುವುದು ಮಳೆಗಾಲಕ್ಕೆ. ಕುರ್ಚಿಯ ದೂರಿಗೆ ಮಾತ್ರ ಮಧ್ಯಾಹ್ನದೊಳಗೆ ಕ್ರಮವಾಯಿತು. ಅಚ್ಚುಕಟ್ಟಪ್ಪ ಊಟ ಮುಗಿಸಿ ಬಂದಾಗ ಅವರ ಕುರ್ಚಿ ಇರಲಿಲ್ಲ. ಅದರ ಜಾಗದಲ್ಲಿ ಭಾಷಣಕಾರರು ನಿಲ್ಲುವಂಥ ಎತ್ತರದ ಮೇಜು ಬಂದಿತ್ತು.

"ಇನ್ನು ಮುಂದೆ ನಿಂತೇ ಕೆಲಸ ಮಾಡಿ," ಎಂದರು ಮ್ಯಾನೇಜರಮ್ಮ, ಅವರ ಮುಖ ನೋಡದೆ. "ನಿಮ್ಮ ಕಷ್ಟ ಮೊದಲೇ ಹೇಳ್ಬಾರ್ದಿತ್ತಾ? ನಾವೂ ಮನುಷ್ಯರೇ."

"ಏನು ತಪ್ಪು ಮಾಡಿದೆ ಮೇಡಂ?"

"ತಪ್ಪು ನಿಮ್ದಲ್ಲ, ಕುರ್ಚಿದು. ಖಾರ ತಿನ್ಬೇಡಿ."

ನಿಲ್ಲುವ ಶಿಕ್ಷೆಗೂ ಖಾರಕ್ಕೂ ಏನು ಸಂಬಂಧವೆಂದು ಯೋಚಿಸುತ್ತಾ ಅವರು ಸಂಜೆಯವರೆಗೂ ನಿಂತರು. ಕಾಲು ಬಿದ್ದುಹೋದದ್ದರಿಂದ ಮನೆಗೆ ಕುಂಟುತ್ತಾ ಬಂದರು. ಅದನ್ನು ನೋಡಿದ ದೊಡ್ಡ ಟೀಚರು ಕಣ್ಣೊರೆಸಿಕೊಂಡರು.

ಸೋಮವಾರ ಬಂತು. ಅಧಿಕಾರಿಯೂ ಬಂದರು. ತೆಳ್ಳಗಿನ ಮನುಷ್ಯ, ಎದೆಗವಚಿಕೊಂಡ ಚರ್ಮದ ಚೀಲ, ಯಾರನ್ನೂ ನಂಬಿ ಅಭ್ಯಾಸವಿಲ್ಲದ ಮೂಗು. ಮೊದಲ ಮಹಡಿಯಲ್ಲಿ ಅವರು ಮನೆ ಯಾವುದೆಂದು ಕೇಳಿದ್ದೇ ತಡ, ದೊಡ್ಡ ಟೀಚರು ದಾರಿಗೆ ಅಡ್ಡವಾಗಿ ನಿಂತರು.

"ನೋಡಿ, ಬಹಳ ಒಳ್ಳೇ ಮನುಷ್ಯ. ಮೂಲದ ವಿಷಯದಲ್ಲಿ ಜಾಸ್ತಿ ಸತಾಯಿಸ್ಬೇಡಿ. ಎಷ್ಟೋ ವರ್ಷದ್ದು. ಪಾಲಿಸಿಗೂ ಮುಂಚಿನದಂತೆ, ಪಾಪ."

ಉಪಕಾರ ಮಾಡಲೆಂದೇ ಆಡಿದ ಮಾತು. ಆದರೆ ಆ ವೃತ್ತಿಯವರ ಕಿವಿಗೆ "ಪಾಲಿಸಿಗೂ ಮುಂಚಿನದು" ಎನ್ನುವುದಕ್ಕಿಂತ ದೊಡ್ಡ ಗಂಟೆ ಇನ್ನೊಂದಿಲ್ಲ. ಅಧಿಕಾರಿ ಮೆಟ್ಟಿಲ ಮೇಲೆಯೇ ಚೀಲ ತೆರೆದು, ಮುಚ್ಚಿಟ್ಟ ಕಾಯಿಲೆಗಳ ತನಿಖೆಗೆಂದೇ ಇರುವ ಬೇರೊಂದು ಅರ್ಜಿ ಹೊರತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿಕೊಂಡು ಹತ್ತಿದರು. ಹಿಂದೆ ದೊಡ್ಡ ಟೀಚರು ಹತ್ತಿದರು. ಹಾಲಿನಲ್ಲಿ ಭಾಮೈದ ಆಗಲೇ ಬಂದು, ಕಿಸೆಯಲ್ಲಿ ಮುಲಾಮಿನ ಡಬ್ಬಿ ಇಟ್ಟುಕೊಂಡು, ಭಾವನ ಪಕ್ಕದಲ್ಲಿ ಕಾವಲು ನಿಂತಿದ್ದ.

ಅಧಿಕಾರಿ ಕೂರಲೂ ಇಲ್ಲ. "ನಿಮಗೆ ಮೂಲ ಇದೆಯಂತೆ."

"ಇದೆ ಸಾರ್." ಅಚ್ಚುಕಟ್ಟಪ್ಪ ಎದೆ ಉಬ್ಬಿಸಿದರು.

"ಒಪ್ಕೋತೀರಾ?"

"ಹೆಮ್ಮೆಯಿಂದ ಒಪ್ಕೋತೀನಿ."

"ಪಾಲಿಸಿಗೂ ಮುಂಚಿನದಾ?"

"ಕೆಲವು ಮುಂಚಿನವು, ಕೆಲವು ಆಮೇಲಿನವು. ಒಟ್ಟು ಎಪ್ಪತ್ತರ ಮೇಲಿವೆ."

ಅಧಿಕಾರಿಯ ಪೆನ್ನು ನಿಂತಿತು. "ಎಪ್ಪತ್ತು?"

"ಚಿಲ್ಲರೆಪಲ್ಲರೆ ಬಿಟ್ಟು."

"ಮತ್ತೆ ಇದನ್ನ ಕಂಪನಿಯಿಂದ ಮುಚ್ಚಿಟ್ಟಿದ್ರಿ!"

"ಮುಚ್ಚಿಟ್ಟಿದ್ದಾ? ಗಾಜಿನ ಬೀರುವಲ್ಲಿ ಇಟ್ಟಿದೀನಿ ಸಾರ್! ಬಂದವರೆಲ್ಲಾ ನೋಡ್ಕೊಂಡು ಹೋಗ್ತಾರೆ. ನೀವು ಕೇಳಲಿಲ್ಲ, ನಾನು ತೋರಿಸಲಿಲ್ಲ. ಈಗ ಕೇಳಿದ್ರಿ. ಇರಿ, ಈಗಲೇ ಬಿಚ್ಚಿ ತೋರಿಸ್ತೀನಿ."

"ಬೇಡ!" ಅಧಿಕಾರಿ ಚೀಲವನ್ನು ಮುಖಕ್ಕೆ ಅಡ್ಡ ಹಿಡಿದರು. "ಕೂತ್ಕೊಳ್ಳಿ! ಅಂದ್ರೆ… ನಿಂತ್ಕೊಳ್ಳಿ! ನೋಡೋದೇನೂ ಬೇಕಾಗಿಲ್ಲ. ಕಾಯಿಲೆ ಮುಚ್ಚಿಟ್ಟು ಪಾಲಿಸಿ ತಗೊಂಡ್ರೆ ಪಾಲಿಸಿನೇ ರದ್ದು. ನಿಮ್ಮ ಮನೆಯವರ ಎಡಗಾಲಿನ ಮಾತು ಮರೆತುಬಿಡಿ."

ಒಳಗಿನ ಬಾಗಿಲಲ್ಲಿ ಆಕೆ ನಿಂತಿದ್ದರು. ಹೊಸ ಕಾಲು ಹೊಸ್ತಿಲಿನ ಈಚೆ, ಹಳೆಯದು ಆಚೆ. ಮುಖ ಬಿಳಿಚಿತ್ತು.

"ಯಾವ ಕಾಯಿಲೆ?" ಎಂದರು.

ದೊಡ್ಡ ಟೀಚರು ನೆಲ ನೋಡಿದರು. ಭಾಮೈದ ಸೂರು ನೋಡಿದ. ಅಧಿಕಾರಿ ಗಂಟಲು ಸರಿಮಾಡಿಕೊಂಡು, "ಅದೇ… ಮೂಲ," ಎಂದು ಉಳಿದದ್ದನ್ನು ನುಂಗಿಕೊಂಡರು.

ಆಕೆ ಗಂಡನನ್ನು ನೋಡಿದರು. ಗಂಡ ಏನೂ ಅರ್ಥವಾಗದೆ ಬೀರುವನ್ನು ನೋಡುತ್ತಿದ್ದರು. ಆಕೆಯ ಕಣ್ಣೂ ಬೀರುವಿನತ್ತ ಹೋಯಿತು. ತುಟಿಯಲ್ಲೇ ಓದಿಕೊಂಡರು: ಕಣ್ಣು, ಹಲ್ಲು, ಹೊಟ್ಟೆ, ಮೊಣಕಾಲು… ಓದಿ ಮುಗಿಸಿದವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅಳುತ್ತಿದ್ದಾರೆಂದುಕೊಂಡು ಭಾಮೈದ ಓಡಿದ. ಆಕೆ ನಗುತ್ತಿದ್ದರು.

"ಅಯ್ಯೋ ದೇವರೇ! ಸಾರ್, ಇವರಿಗಿರೋದು ಕಾಗದದ ಮೂಲ! ಮೂಲ ದಾಖಲೆ! ನೀವೇ ಅಲ್ವಾ ಪತ್ರದಲ್ಲಿ ಕೇಳಿದ್ದು?"

ಅರ್ಥ ಎಂಬುದು ಅಚ್ಚುಕಟ್ಟಪ್ಪನವರ ತಲೆಗೆ ಎಂದೂ ಒಮ್ಮೆಲೇ ಹತ್ತಿದ್ದಲ್ಲ. ಅದಕ್ಕೂ ಲಿಫ್ಟ್ ಇರಲಿಲ್ಲ. ಮೊದಲು ಭಾಮೈದನ ಮಾತು ನೆನಪಾಯಿತು. ಆಮೇಲೆ ಮ್ಯಾನೇಜರಮ್ಮನ ಖಾರ. ಕೊನೆಗೆ ಮೊದಲ ಮಹಡಿಯಲ್ಲಿ ತಾವು ದೊಡ್ಡ ಟೀಚರ ಮುಂದೆ ಜೆರಾಕ್ಸಿನ ವಿಧಾನವನ್ನು ವಿವರಿಸಿದ್ದು ನೆನಪಾಗಿ, ಕಿವಿಗಳು ಫೈಲಿಗಿಂತ ಕೆಂಪಾದವು.

"ನೋಡ್ಬಿಡಿ ಸಾರ್!" ಎಂದು ಬೀರು ತೆರೆದು ಕೆಂಪು ಫೈಲನ್ನು ಅಧಿಕಾರಿಯ ಕೈಗಿತ್ತರು. "ಇದ್ರಲ್ಲಿ ಬರೀ ಕಾಗದ ಇಲ್ದೇ ಇದ್ರೆ ನನ್ನ ಹೆಸರು ಬದಲಾಯಿಸಿ!"

ಅಧಿಕಾರಿ ಸ್ವಲ್ಪ ಮೆತ್ತಗಾಗಿದ್ದರು. ತುಟಿಯಂಚಿನಲ್ಲಿ ನಗುವೂ ಮೂಡಿತ್ತು. ರಟ್ಟು ತೆರೆದರು. ಎಲ್ಲಕ್ಕೂ ಮೇಲಿದ್ದ ಕಾಗದವನ್ನು ಗಟ್ಟಿಯಾಗಿ ಓದಿದರು.

"ಮೂಲವ್ಯಾಧಿ ದಿಂಬು. ಗಾಳಿ ತುಂಬುವಂಥದ್ದು. ಒಂದು."

ನಗು ಹೊರಟುಹೋಯಿತು. ಬಿಲ್ಲಿನ ಮೇಲೆ ಅಚ್ಚುಕಟ್ಟಪ್ಪನವರ ಪೂರ್ತಿ ಹೆಸರು, ವಿಳಾಸ, ಎಲ್ಲವೂ ಅಚ್ಚುಕಟ್ಟಾಗಿದ್ದವು.

"ಅದು ನಾನು ಕೊಟ್ಟಿದ್ದು ಸಾರ್," ಎಂದ ಭಾಮೈದ, ಸಹಾಯ ಮಾಡುವ ಆತುರದಲ್ಲಿ. "ತುಂಬಾ ಒಳ್ಳೇ ಮಾಲು. ಬೇಗ ಒಡೆಯಲ್ಲ."

"ಕಾಗದಕ್ಕೆ ದಿಂಬು ಕೊಟ್ರಾ?"

"ಇಲ್ಲ ಸಾರ್, ಭಾವನಿಗೆ! ಭಾವ, ಇನ್ನಾದ್ರೂ ಒಪ್ಕೊಳ್ಳಿ, ನಾಚ್ಕೊಳ್ಳೋದೇನಿದೆ, ದೊಡ್ಡ ದೊಡ್ಡವರಿಗೆಲ್ಲಾ ಇರುತ್ತೆ—"

"ಲೋ, ಬಾಯಿ ಮುಚ್ಚೋ!" ಎಂದು ಅಕ್ಕ ಗದರಿದರು. ನಗು 'ಈಗ ಬರ್ತೀನಿ' ಎಂದು ಹೋದ ಹಾಗೆ ಅವರ ಮುಖದಿಂದಲೂ ಹೋಗಿತ್ತು. ಅಧಿಕಾರಿ ಮತ್ತೆ ಆ ಬೇರೆ ಅರ್ಜಿಗೆ ಪೆನ್ನು ಊರಿದ್ದರು. ಎಡಗಾಲು, ಡಾಕ್ಟರು, ಹೊಲಿಗೆ ತರಗತಿ, ಎಲ್ಲವೂ ಆ ಪೆನ್ನಿನ ತುದಿಯಲ್ಲಿ ನಿಂತಿದ್ದವು.

"ಸಾರ್, ಒಂದು ನಿಮಿಷ. ರೀ, ಆ ಮರದ ಸ್ಟೂಲು ತನ್ನಿ."

ಅಚ್ಚುಕಟ್ಟಪ್ಪ ತಂದರು. ಅಡುಗೆಮನೆಯದು, ಹೊಳಪಿಲ್ಲ, ಮೆತ್ತೆಯಿಲ್ಲ, ದಯೆಯೂ ಇಲ್ಲ.

"ಕೂತ್ಕೊಳ್ಳಿ."

ಅಪರಿಚಿತರ ಮುಂದೆ ಸಭ್ಯವಾಗಿರಲೆಂದು ಅವರು ಮೆಲ್ಲಗೆ, ಅಂಚಿನಲ್ಲಿ ಕೂತರು. "ನೋಡಿ, ನೋಡಿ," ಎಂಬಂತೆ ಅಧಿಕಾರಿ ಹುಬ್ಬೇರಿಸಿದರು.

"ಹಾಗಲ್ಲ ರೀ! ಧೊಪ್ಪಂತ ಕೂತ್ಕೊಳ್ಳಿ. ಆಫೀಸಿಂದ ಬಂದು ಸೋಫಾ ಮೇಲೆ ಬೀಳ್ತೀರಲ್ಲ, ಹಾಗೆ."

ದೊಡ್ಡ ಟೀಚರು ಕಣ್ಣು ಮುಚ್ಚಿಕೊಂಡರು. ಭಾಮೈದ ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸಿದ. ಅಚ್ಚುಕಟ್ಟಪ್ಪ ಎದ್ದು, ಉಸಿರು ಬಿಗಿಹಿಡಿದು, ಧೊಪ್ಪನೆ ಕೂತರು. ಸ್ಟೂಲು ಕಿರುಗುಟ್ಟಿತು. ಅವರು ಕಿರುಗುಟ್ಟಲಿಲ್ಲ.

"ಇನ್ನೊಂದ್ಸಲ," ಎಂದರು ಅಧಿಕಾರಿ.

ಇನ್ನೊಂದು ಸಲ ಕೂತರು. ಕೆಲವು ದಿನಗಳಿಂದ ಕಚೇರಿಯಲ್ಲಿ ನಿಂತೇ ಇದ್ದ ಆ ಜೀವಕ್ಕೆ ಕೂರುವುದರಲ್ಲಿ ಇಷ್ಟು ಸುಖವಿದೆಯೆಂದು ಆಗಲೇ ನೆನಪಾದದ್ದು. ಯಾರೂ ಹೇಳದಿದ್ದರೂ ಮೂರನೆಯ ಸಲ ಎದ್ದು, ತುಸು ಹಾರಿ, ಕೂತರು. ಸ್ಟೂಲಿನ ಒಂದು ಕಾಲು ಲಟಕ್ಕೆಂದಿತು. ಅಚ್ಚುಕಟ್ಟಪ್ಪ ನೆಲಕ್ಕೆ ಬಿದ್ದು, ಬಿದ್ದಲ್ಲೇ ಆರಾಮವಾಗಿ ಕೂತು, "ನೋಡಿದ್ರಾ ಸಾರ್? ಏನೂ ಇಲ್ಲ!" ಎಂದು ಬೀಗಿದರು. ದೊಡ್ಡ ಟೀಚರು ಕಣ್ಣು ತೆರೆದು ಚಪ್ಪಾಳೆ ತಟ್ಟಿದರು.

ಅಧಿಕಾರಿ ಆ ಬೇರೆ ಅರ್ಜಿಯ ಮೇಲೆ ಹೀಗೆ ಬರೆದರು: "ಪಾಲಿಸಿದಾರರನ್ನು ಖುದ್ದಾಗಿ ಪರಿಶೀಲಿಸಲಾಯಿತು. ಕುಳಿತರು. ಎದ್ದರು. ಮತ್ತೆ ಕುಳಿತರು. ಸ್ಟೂಲಿಗೆ ಮಾತ್ರ ಪೆಟ್ಟಾಗಿದೆ. ಶಂಕೆಯಲ್ಲಿ ಹುರುಳಿಲ್ಲ." ಆಮೇಲೆ ಕೆಂಪು ಫೈಲನ್ನು ಒಂದೊಂದೇ ಹಾಳೆಯಾಗಿ ಬೆಳಕಿಗೆ ಹಿಡಿದು ನೋಡಿದರು. ಎಲ್ಲವೂ ಇತ್ತು. ಇಸ್ತ್ರಿಯಾದ ಪತ್ರ, ಮಡಿಕೆ ಬಿದ್ದ ಬಿಲ್ಲು, ಪ್ಲಂಬರನ ರಸೀದಿ.

"ಎಕ್ಸ್‌ರೇ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅಚ್ಚುಕಟ್ಟಪ್ಪ ಸ್ನಾನದ ಮನೆಗೆ ಓಡಿದರು. ಅಂಟು ಕೀಳುವ ಸದ್ದು ಕೇಳಿಸಿತು. ತಂದುಕೊಟ್ಟದ್ದನ್ನು ಅಧಿಕಾರಿ ಕಿಟಕಿಗೆ ಹಿಡಿದು, ಸೋಪಿನ ಕಲೆಗಳ ನಡುವೆ ಮೊಣಕಾಲನ್ನು ಪತ್ತೆಹಚ್ಚಿ, ಒಪ್ಪಿಗೆಯ ಮುದ್ರೆ ಒತ್ತಿದರು. ಹೊರಡುವಾಗ ಅಚ್ಚುಕಟ್ಟಪ್ಪನವರ ಹೆಗಲ ಮೇಲೆ ಕೈಯಿಟ್ಟು ಹೇಳಿದರು. "ಕಾಗದ ಚೆನ್ನಾಗಿಟ್ಟಿದೀರಿ. ಹೆಸರು ಮಾತ್ರ ಬದಲಾಯಿಸಿ."

ಎಡಗಾಲಿಗೂ ಹೊಸ ಕೀಲು ಬಂತು. ಕೆಲವು ವಾರ ಊರುಗೋಲು, ಕೆಲವು ವಾರ ಗೋಡೆ, ಆಮೇಲೆ ಏನೂ ಇಲ್ಲ. ಕಚೇರಿಯಲ್ಲಿ ಕುರ್ಚಿ ಹಿಂದಿರುಗಿತು. ದುಂಡು ದಿಂಬಿನ ಮೇಲೆ ಈಗ ಕೂರುತ್ತಿದ್ದವರು ಅಚ್ಚುಕಟ್ಟಪ್ಪನವರೇ. ಕಾಯಿಲೆ ಇಲ್ಲದಿದ್ದರೂ ಅದು ಬಹಳ ಹಿತವಾಗಿದೆಯೆಂದು ಅವರ ಅಭಿಪ್ರಾಯ.

ಹೊಲಿಗೆ ತರಗತಿ ಮತ್ತೆ ತೆರೆಯುವ ದಿನ ಆಕೆ ಬೀಗದ ಕೈಯನ್ನು ಮೊಳೆಯಿಂದ ತೆಗೆದುಕೊಂಡು ಮುಂದೆ ಹೊರಟರು. "ಬೇಗ ಬನ್ನಿ," ಎಂದು ಗಂಡನಿಗೆ ಹೇಳಿ, ಒಂದು ಮೆಟ್ಟಿಲಿಗೆ ಒಂದೇ ಕಾಲಿನಂತೆ, ಎಲ್ಲರ ಹಾಗೆ ಇಳಿದುಹೋದರು. ಅಚ್ಚುಕಟ್ಟಪ್ಪ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ಅಕ್ಕನಿಗೆ ಶುಭ ಹೇಳಲು ಬಂದಿದ್ದ ಭಾಮೈದ ಬೀರುವಿನ ಮುಂದೆ ನಿಂತಿದ್ದ. ಕೆಂಪು ಫೈಲಿನ ಮೇಲೆ ಹೊಸ ಚೀಟಿ ಬಂದಿತ್ತು. ಮೂಲ ಎಂಬ ಪದವೇ ಬೇಡವೆಂದು ಅಚ್ಚುಕಟ್ಟಪ್ಪ ಬಹಳ ಯೋಚಿಸಿ, ಅದೇ ಅರ್ಥದ ಬೇರೆ ಪದವನ್ನು ಆರಿಸಿ, ಅಷ್ಟೇ ದೊಡ್ಡದಾಗಿ ಬರೆದಿದ್ದರು: ಅಸಲು.

ಭಾಮೈದ ಅದರ ದಪ್ಪ ನೋಡಿದ. ಹತ್ತಿರ ಬಂದು ದನಿ ತಗ್ಗಿಸಿದ.

"ಭಾವ… ಅಸಲೇ ಇಷ್ಟಿದ್ರೆ, ಬಡ್ಡಿ ಎಷ್ಟಾಗಿರ್ಬೇಕು? ಯಾರ ಹತ್ರ ಸಾಲ ಮಾಡಿದ್ರಿ? ಅಕ್ಕನಿಗೆ ಗೊತ್ತಾ?"

ಅಚ್ಚುಕಟ್ಟಪ್ಪ ಹಾಕಿಕೊಂಡ ಚಪ್ಪಲಿಯನ್ನು ಕಳಚಿದರು. ಆಮೇಲೆ ವಿವರಿಸಲು ಕೂತರು.

ಕೆಳಗೆ ಬೀದಿಯಲ್ಲಿ, ಎರಡು ಹೊಸ ಕಾಲುಗಳು ಜೊತೆಯಾಗಿ ನಿಂತು, ಹಳೆಯ ಗಂಡನಿಗಾಗಿ ಕಾಯುತ್ತಿದ್ದವು.